ಪಾಯಪ್ಪನ ತಂತಿಬೇಲಿ

ಬೇಲಿ ಹಾಕಬೇಕೆಂದು ಪಾಯಪ್ಪ ತಂತಿ ತರಲಿಲ್ಲ. ತಂತಿ ಬಂದದ್ದರಿಂದ ಬೇಲಿ ಹಾಕಿದ. ಗಂಡನ ಎಲ್ಲ ಕೆಲಸಗಳೂ ಹೀಗೆಯೇ ನಡೆಯುತ್ತವೆ ಎಂಬುದು ತಾರಾಬಾಯಿಗೆ ಮದುವೆಯಾದ ಮೊದಲ ವರ್ಷವೇ ತಿಳಿದುಹೋಗಿತ್ತು. ಉತ್ತರ ಮೊದಲು ಚಕ್ಕಡಿಯಲ್ಲಿ ಬಂದು ಅಂಗಳಕ್ಕೆ ಇಳಿಯುತ್ತಿತ್ತು. ಪ್ರಶ್ನೆಯನ್ನು ಆಮೇಲೆ ಹುಡುಕಬೇಕಾಗುತ್ತಿತ್ತು.

ಇಂಗ್ಲಿಷರು ಹೋಗಿ ನಾಲ್ಕಾರು ವರ್ಷವಾಗಿದ್ದರೂ ಬೆಳಗಾವಿಯಲ್ಲಿ ಲಷ್ಕರದ ಹಳೆಯ ಸಾಮಾನಿನ ಹರಾಜು ಮುಗಿದಿರಲಿಲ್ಲ. ಬುದ್ಧಿ ಇದ್ದವರು ಬೂಟು ಕೊಂಡರು, ಕಂಬಳಿ ಕೊಂಡರು. ಪಾಯಪ್ಪ ಮುಳ್ಳುತಂತಿಯ ಸುರುಳಿಗಳನ್ನು ಕೊಂಡ. ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು, ತೋಟದ ಮನೆಯ ಮುಂದೆ ಅವು ಒಂದರ ಮೇಲೊಂದು ಬಿದ್ದುಕೊಂಡಾಗ, ದೊಡ್ಡ ದೊಡ್ಡ ದೇಶಗಳ ಸೈನ್ಯವನ್ನು ತಡೆಯಲು ಮಾಡಿದ ಈ ತಂತಿ ಇನ್ನು ಯಾರನ್ನು ತಡೆಯಬೇಕು ಎಂದು ಅವನು ಸುತ್ತ ನೋಡಿದ. ನಾಗನೂರಿನ ಆಸುಪಾಸಿನಲ್ಲಿ ಶತ್ರುಸೈನ್ಯ ಯಾವುದೂ ಕಾಣಲಿಲ್ಲ. ತಲೆಯ ಮೇಲೆ ಬುತ್ತಿ ಹೊತ್ತು ಅವನ ಹೊಲದೊಳಗಿನ ಕಾಲುದಾರಿಯಲ್ಲಿ ಕೆಲಸಕ್ಕೆ ಹೊರಟಿದ್ದ ಹೆಂಗಸರು ಕಂಡರು. ಪಾಯಪ್ಪನಿಗೆ ಅಷ್ಟು ಸಾಕಾಯಿತು.

ಆ ಕಾಲುದಾರಿ ಪಾಯಪ್ಪನಿಗಿಂತ ಹಳೆಯದು. ಅವನ ಮನೆಗಿಂತಲೂ ಹಳೆಯದು. ನಾಗನೂರಿನ ಕಡೆಯಿಂದ ಬಂದು ಹೊಲದ ಪಡುವಣ ಮೂಲೆಯಲ್ಲಿ ಒಳಹೊಕ್ಕು, ತೋಟದ ಮನೆಯ ಅಂಗಳದ ಮುಂದೆಯೇ ಹಾದು, ಮೂಡಣಕ್ಕೆ ಹೊರಬಿದ್ದು ಕೌಜಲಗಿಯ ದಿಕ್ಕು ಹಿಡಿಯುತ್ತಿತ್ತು. ಹಳ್ಳದ ಬದಿಯ ವಸ್ತಿಯ ಜನ ಹೊಲಗೆಲಸಕ್ಕೆ, ಸಂತೆಗೆ, ಬೀಗರೂರಿಗೆ ಇದರ ಮೇಲೆಯೇ ಹೋಗುತ್ತಿದ್ದರು. ಪಾಯಪ್ಪನ ಅಪ್ಪ ಅಂಗಳದಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಮಾತಾಡಿಸಿ ಮೂರೂರಿನ ಸುದ್ದಿ ತಿಳಿದುಕೊಳ್ಳುತ್ತಿದ್ದ. ಮಗ ಸಾಂಗಲಿಯಲ್ಲಿ ಕಾಲೇಜಿಗೆ ಹೋಗಿ, ಪರೀಕ್ಷೆಗೆ ಮಾತ್ರ ಹೋಗದೆ ಬಂದವನು. ಅವನಿಗೆ ಸುದ್ದಿ ಮರಾಠಿ ಪತ್ರಿಕೆಯಲ್ಲಿ ಬರುತ್ತಿತ್ತು, ಎರಡು ದಿನ ತಡವಾಗಿ.

ಬೇಸಿಗೆಯಲ್ಲಿ ಕಂಬ ನಿಂತವು, ತಂತಿ ಬಿಗಿಯಿತು. ಪಡುವಣ ಮೂಲೆಯಲ್ಲಿ ಒಂದು ಹಲಗೆಯ ಫಳಿಯೂ ತೂಗಿತು. ಅದರ ಮೇಲೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, ಇದು ಖಾಸಗಿ ಜಮೀನು, ಹಾಯುವವರ ಮೇಲೆ ಕಾಯ್ದೆಶೀರ್ ಕ್ರಮ ಜರುಗಿಸಲಾಗುವುದು ಎಂದು ಬರೆಸಿದ್ದ. ವಸ್ತಿಯ ಹಿರಿಯ ಉದ್ದಪ್ಪ ಆಡು ಹೊಡೆದುಕೊಂಡು ಬಂದವನು ಫಳಿಯ ಮುಂದೆ ನಿಂತ.

"ಸಾವಕಾರ್ರ, ಇದರಾಗ ಏನ ಬರಸೀರಿ?"

"ಇಲ್ಲಿ ಹಾಯಬಾರದು ಅಂತ ಬರಸೇನಿ."

"ನಮಗ ಓದಾಕ ಬರೂದಿಲ್ಲಲ್ರಿ."

"ಅದಕ್ಕ ಬಾಯಿಲೆ ಹೇಳಾಕತ್ತೇನಿ."

"ಹಂಗಾರ ಫಳಿ ಯಾಕ್ರಿ? ನೀವ ನಿಂತ್ರ ಸಾಕಾಗಿತ್ತಲ್ಲ," ಎಂದು ಉದ್ದಪ್ಪ ಆಡುಗಳನ್ನು ಹಳ್ಳದ ಕಡೆ ತಿರುಗಿಸಿದ.

ಅಂದಿನಿಂದ ಜನ ಹೊಲದ ಹೊರಗೆ, ಹಳ್ಳದ ದಂಡೆ ಹಿಡಿದು, ವರ್ಧಮಾನನ ತೋಟದ ಮುಂದಿನಿಂದ ಸುತ್ತುಹಾಕಿ ಹೋಗತೊಡಗಿದರು. ವರ್ಧಮಾನ ಪಾಯಪ್ಪನ ಕಾಕಾನ ಮಗ. ಹೊಲ ಹಿಸ್ಸೆಯಾದಾಗಿನಿಂದ ಗಂಡಸರಿಬ್ಬರಿಗೂ ಮಾತಿರಲಿಲ್ಲ. ಸುತ್ತುಹಾಕುವವರಲ್ಲಿ ತಾರಾಬಾಯಿಯ ಮನೆಗೆಲಸದ ಗುಡ್ಡವ್ವನೂ ಒಬ್ಬಳು. ಅವಳು ಹೊತ್ತೇರಿ ಬಂದಾಗ ಪಾಯಪ್ಪ ಕೇಳಿದ:

"ಯಾಕ ಇಷ್ಟ ತಡಾ?"

"ನಿಮ್ಮ ಬೇಲಿ ಸುತ್ತಿ ಬರಬೇಕಲ್ರಿ."

"ನೀ ಒಬ್ಬಾಕಿ ತಂತಿ ನುಸದ ಬಾ. ಯಾರ ಏನ ಅಂತಾರ?"

"ನುಸದ್ರ ಕೇಸ ಹಾಕತಾರಂತ ಫಳೀ ಮ್ಯಾಲ ಐತಂತಲ್ರಿ. ಕೋರ್ಟಿಗೆ ಹೋದ್ರ ಇನ್ನಷ್ಟ ತಡಾ ಆಗತೈತಿ."

ತಾರಾಬಾಯಿ ಒಳಗೆ ಮೊರದಲ್ಲಿ ಕಾಳು ಕೇರುತ್ತ ಇದನ್ನೆಲ್ಲ ಕೇಳುತ್ತಿದ್ದಳು. ಗಂಡ ಸೋತ ಮಾತುಗಳನ್ನು ಅವಳು ಮನಸ್ಸಿನಲ್ಲಿ ಕಾಪಿಡುತ್ತಿದ್ದಳು. ಬೇರೆ ಹೆಂಗಸರು ಒಳ್ಳೆಯ ಸೀರೆ ಕಾಪಿಡುವಂತೆ.

ವಸ್ತಿಯವರು ಗೋಕಾಕಿಗೆ ಹೋಗಿ ಮಾಮಲೇದಾರರಿಗೆ ಅರ್ಜಿ ಕೊಟ್ಟರು. ಪಾಯಪ್ಪನಿಗೆ ಅದರಿಂದ ಹೊಸ ಜೀವ ಬಂತು, ವಕೀಲರನ್ನು ಹಿಡಿದ. ತಾರೀಖು ಬಿದ್ದ ದಿನ ಇಸ್ತ್ರಿ ಮಾಡಿದ ಕೋಟು ತೊಟ್ಟು ಹೋಗುತ್ತಿದ್ದ, ತಾರೀಖು ಮುಂದಕ್ಕೆ ಹೋದ ಸಂತೋಷಕ್ಕೆ ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದ. ಅಷ್ಟರಲ್ಲಿ ಮಳೆ ಹಿಡಿಯಿತು. ಯಾರೂ ತುಳಿಯದ ದಾರಿಯ ಮೇಲೆ ಕರಿಕೆ ಹಬ್ಬಿತು, ಉತ್ತರಾಣಿ ಎದ್ದಿತು, ನೆಗ್ಗಿಲಮುಳ್ಳು ಹರಡಿತು. ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟ ಮುಗಿಸಿ ಅಂಗಳಕ್ಕೆ ಬಂದ ಪಾಯಪ್ಪ ಹೆಂಡತಿಯನ್ನು ಕರೆದು ಕೈ ಚಾಚಿ ತೋರಿಸಿದ:

"ಹೇಳ ನೋಡೂಣು, ದಾರಿ ಎಲ್ಲೈತಿ?"

"ಹುಲ್ಲಿನ ಬುಡಕ ಐತಿ."

"ನಿನಗ ಗೊತ್ತು. ಮಾಮಲೇದಾರಗ ಏನ ಗೊತ್ತು? ಜಾಗಾ ನೋಡಾಕ ಬಂದ್ರ ಹುಲ್ಲ ಕಾಣತೈತಿ. ಮಂದಿ ಅಡ್ಡಾಡೂ ದಾರಿ ಮ್ಯಾಲ ಹುಲ್ಲ ಬೆಳೀತೈತೇನ? ನನ್ನ ಪುರಾವಾ ತಾನ ಬೆಳ್ಯಾಕತ್ತೈತಿ!"

ಒಬ್ಬ ಒಕ್ಕಲಿಗ ತನ್ನ ಹೊಲದಲ್ಲಿ ಕಸ ಬೆಳೆದದ್ದಕ್ಕೆ ಇಷ್ಟು ಹಿಗ್ಗಿದ್ದನ್ನು ತಾರಾಬಾಯಿ ಮೊದಲ ಸಲ ನೋಡಿದಳು.

ದೀಪಾವಳಿ ಕಳೆಯಿತು. ಬಸದಿಯ ನೇಮಣ್ಣ ಉಪಾಧ್ಯೆ ಒಂದು ಮುಂಜಾನೆ ಮುದಲಗಿಯ ಕಡೆಯ ಚಕ್ಕಡಿದಾರಿಯಿಂದ ಬಂದು ಸುದ್ದಿ ಹೇಳಿದರು: ಹುಕ್ಕೇರಿಯ ಕಡೆ ಒಂದು ಊರಲ್ಲಿ ಮಳೆಗಾಲದ ನಾಲ್ಕು ತಿಂಗಳು ನಿಂತಿದ್ದ ಮುನಿಮಹಾರಾಜರು ವಿಹಾರ ಹೊರಟಿದ್ದಾರೆ. ಘಟಪ್ರಭಾ ದಾಟಿ ನಾಗನೂರಿಗೆ ಬರುತ್ತಾರೆ, ಅಲ್ಲಿಂದ ಕೌಜಲಗಿಯ ಕಡೆಗೆ.

ತಾರಾಬಾಯಿಯ ಕೈಯಲ್ಲಿದ್ದ ತಂಬಿಗೆ ಅಲ್ಲಿಯೇ ನಿಂತಿತು. ನಾಗನೂರು ಬಿಟ್ಟ ಮುನಿಗಳು ಒಂದೇ ಮುಂಜಾನೆಗೆ ಮುಂದಿನ ಊರು ಮುಟ್ಟಲಾರರು. ಆ ಕಾಲುದಾರಿಯ ಮೇಲೆ ಜೈನ ಶ್ರಾವಕರ ಮನೆ ಎಂದರೆ ಇದೊಂದೇ, ವರ್ಧಮಾನನದು ದಾರಿ ಬಿಟ್ಟು ಹಳ್ಳದ ಕಡೆಗಿತ್ತು. ಅವಳ ಅತ್ತೆ ಇದೇ ಅಂಗಳದಲ್ಲಿ ನಿಂತು ಮುನಿಗಳನ್ನು ಬರಮಾಡಿಕೊಂಡು, ದಿನಕ್ಕೊಮ್ಮೆ ನಿಂತೇ ಉಣ್ಣುವ ಅವರ ಬೊಗಸೆಗೆ ತನ್ನ ಕೈಯಾರೆ ಆಹಾರ ಹಾಕಿದ್ದಳು. ತಾರಾಬಾಯಿ ಸೊಸೆಯಾಗಿ ಬಂದ ಮೇಲೆ ಈ ದಾರಿಯಲ್ಲಿ ಯಾರೂ ಬಂದಿರಲಿಲ್ಲ. ಬೇರೆ ಊರುಗಳಲ್ಲಿ, ಬೇರೆಯವರ ಮನೆಗಳಲ್ಲಿ ಅವಳು ಮುಚ್ಚಳ ಹಿಡಿದು ನಿಂತಿದ್ದಳು, ನೀರು ಸೋಸಿ ಕೊಟ್ಟಿದ್ದಳು. ಮುನಿಗಳಿಗೆ ಆಹಾರ ಕೊಟ್ಟ ಹೆಂಗಸರು ಬಸದಿಯಲ್ಲಿ ಮುಂದೆ ಕುಳಿತು ಅಂದಿನ ಕಥೆ ಹೇಳುವರು. ಕೊಡದವರು ಹಿಂದೆ ಕುಳಿತು ಹೂಂಗುಟ್ಟುವರು. ಕಥೆ ಹೇಳುವ ಚಪಲ ಅವಳಿಗಿರಲಿಲ್ಲ. ಆದರೆ ಒಂದು ಸಲ, ಒಂದೇ ಒಂದು ತುತ್ತು, ತನ್ನ ಕೈಯಿಂದ ಆ ಕೈಗೆ ಬೀಳಬೇಕೆಂಬ ಆಸೆ ಇತ್ತು. ಅವಳು ಜೀವನದಲ್ಲಿ ಗಂಡನ ಮುಖಾಂತರ ಬಯಸಿದ ವಸ್ತುಗಳಲ್ಲಿ ಇನ್ನೂ ಬಯಕೆಯಾಗಿ ಉಳಿದದ್ದು ಇದೊಂದೇ. ಉಳಿದವನ್ನು ಜಾಣತನದಿಂದ ಬಿಟ್ಟುಕೊಟ್ಟಿದ್ದಳು.

ಉಪಾಧ್ಯೆಯವರು ಕಣ್ಣಿಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡಿದರು.

"ದಾರಿ ಎಲ್ಲಿ ಹೋತೋ ಪಾಯಪ್ಪ?"

"ಅಲ್ಲೇ ಐತ್ರಿ. ತಂತಿ ತಗಸತೇನಿ, ಒಂದ ತಾಸಿನ ಕೆಲಸ."

"ತಂತಿ ಬಿಡೋ. ಆ ಹಸರ ಏನ ಮಾಡತಿ? ಮಹಾರಾಜರು ಮುಂದಿನ ನಾಕ ಮೊಳ ನೆಲಾ ನೋಡಕೋತ ನಡ್ಯಾವ್ರು. ಹುಲ್ಲಿನಾಗ ಹುಳಾ ಹುಪ್ಪಡಿ ಇರತಾವ. ಮಂದಿ, ದನಾ ತುಳದು ಗಟ್ಟಿ ಆದ ದಾರಿ ಬಿಟ್ಟ ಬ್ಯಾರೆ ಕಡೆ ಅವರ ಕಾಲ ಇಡೂದಿಲ್ಲ."

"ನಾಳೆ ಆಳ ಹಚ್ಚಿ ಕೊಯ್ಸಿದ್ರಾತಲ್ಲ!"

"ಅವರ ಸಲುವಾಗಿ ಕೊಯ್ಸಿದ್ರ ಆ ಹಿಂಸಾ ಎಲ್ಲಾ ಅವರ ಹೆಸರಿಲೆ ಆತು. ಅಂಥಾ ದಾರಿ ಮೊದಲ ಒಲ್ಲೆ ಅಂತಾರ."

"ಮತ್ತ ನಾ ಏನ ಮಾಡಬೇಕ್ರಿ?"

"ನೀ ಏನೂ ಮಾಡೂದ ಬ್ಯಾಡ," ಎಂದರು ಉಪಾಧ್ಯೆ. "ಮಂದಿ ತಮ್ಮ ತಮ್ಮ ಕೆಲಸಕ್ಕ ಅಡ್ಡಾಡಿದ್ರ ದಾರಿ ತಾನ ಆಗತೈತಿ. ನಿಮ್ಮಪ್ಪ ಏನ ಮಾಡಿದ್ದ? ಸುಮ್ಮನ ಕುಂತಿದ್ದ."

ಸುಮ್ಮನೆ ಕೂಡುವುದೊಂದನ್ನು ಬಿಟ್ಟು ಬೇರೆ ಏನನ್ನು ಹೇಳಿದ್ದರೂ ಪಾಯಪ್ಪ ಮಾಡುತ್ತಿದ್ದ.

ಮರುದಿನ ತಂತಿ ಕತ್ತರಿಸಿ, ಹೆಂಡತಿಯನ್ನೂ ಕರೆದುಕೊಂಡು ವಸ್ತಿಗೆ ಹೊರಟ. "ನೀ ಬಾ. ನಿನ್ನ ಮುಖಾ ನೋಡಿ ಕೇಳತಾರ," ಎಂದ. ತನ್ನ ಮುಖದ ಮೇಲೆ ಯಾರೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿದ್ದದ್ದು ತಾರಾಬಾಯಿಗೆ ಆಶ್ಚರ್ಯವೆನಿಸಿತು. ಉದ್ದಪ್ಪನ ಕಟ್ಟೆಯ ಮೇಲೆ ಹತ್ತಾರು ಜನ ಸೇರಿದರು.

"ಇನ್ನ ಮ್ಯಾಲ ನೀವೆಲ್ಲಾ ನನ್ನ ಹೊಲದಾಗಿಂದನ ಹೋಗ್ರಿ," ಎಂದ ಪಾಯಪ್ಪ. "ನಂದೇನ ತಕರಾರ ಇಲ್ಲ."

ಉದ್ದಪ್ಪ ತಂಬಾಕು ತಿಕ್ಕುತ್ತ ಕೇಳಿದ: "ಎಲ್ಲೀತನಕಾ ಇಲ್ರಿ?"

"ಅಂದ್ರ?"

"ತಕರಾರ. ಎಲ್ಲೀತನಕಾ ಇಲ್ಲ?"

ಸುಳ್ಳು ಹೇಳುವುದನ್ನೂ ಪಾಯಪ್ಪ ಪೂರ್ತಿ ಕಲಿತಿರಲಿಲ್ಲ. "ಮಹಾರಾಜರು ಬಂದ ಹೋಗೂತನಕಾ," ಎಂದುಬಿಟ್ಟ.

"ಆಮ್ಯಾಲ?"

"ಆಮ್ಯಾಲ ಮಾಮಲೇದಾರ ಸಾಹೇಬ್ರ ಹೇಳಿದಂಗ."

"ಹಂಗಾರ ನಾವೂ ಸಾಹೇಬ್ರ ಹೇಳೂತನಕಾ ಕಾಯತೇವ್ರಿ," ಎಂದ ಉದ್ದಪ್ಪ ಬಹಳ ವಿನಯದಿಂದ. "ತಕರಾರನಾಗ ಇದ್ದ ಜಾಗಾಕ ಕಾಲ ಇಡಬಾರದಂತ ನಿಮ್ಮ ವಕೀಲರ ಹೇಳ್ಯಾರಲ್ರಿ, ಎಲ್ಲಾರ ಮುಂದ."

ಹಿಂದಿನಿಂದ ಮುದಕವ್ವ ಎಂಬ ಹಣ್ಣುಮುದುಕಿ ಕೂಗಿದಳು: "ಸಾವಕಾರ್ರ, ಕಣಾ ತುಳ್ಯಾಕ ಎತ್ತ ಹೂಡತಾರ್ರಿ. ಮಂದೀನ ಹೂಡೂದಿಲ್ಲ!"

ಕಟ್ಟೆಗೆ ಕಟ್ಟೆಯೇ ನಕ್ಕಿತು. ತಾರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಮಾನಕ್ಕೆ ಅಳುತ್ತಿದ್ದಾಳೆಂದು ತಿಳಿದ ಪಾಯಪ್ಪ, "ಬಾ, ಇಂಥಾವರ ಮುಂದ ಅಳಬ್ಯಾಡ," ಎಂದು ಕರೆದುಕೊಂಡು ಬಂದ.

ದಾರಿಯಲ್ಲಿ ಅವಳು ಹೇಳಿದಳು: "ಬೇಲಿ ಪೂರಾ ಕೀಳಸರಿ. ದಾರಿ ಊರಿಂದು ಅಂತ ಬರದಕೊಡ್ರಿ. ಇವತ್ತ ಸಂಜೀಕ ಮಂದಿ ಅಡ್ಡಾಡಾಕ ಹತ್ತತಾರ. ಇನ್ನೂ ದಿನಾ ಅದಾವ."

"ನಿನಗ ಕಾಯ್ದೆ ತಿಳೂದಿಲ್ಲ. ಒಮ್ಮೆ ಬರದಕೊಟ್ರ ಮುಗದ ಹೋತು. ಮಹಾರಾಜರು ಒಂದ ದಿನಾ ಬರತಾರ. ಹೊಲಾ ಕಾಯಂ ಇರತೈತಿ."

"ನನಗ ಆ ಒಂದ ದಿನಾನ ಬೇಕಾಗೇತ್ರಿ."

"ಅದರ ವ್ಯವಸ್ಥಾ ನಾ ಮಾಡತೇನಂತ."

ವ್ಯವಸ್ಥೆ ಎಂದರೆ ಸ್ವತಃ ನಡೆಯುವುದು. ಬಿಸಿಲಿಗೊಂದು ಛತ್ರಿ ಹಿಡಿದು, ಪಂಪಶೂ ಮೆಟ್ಟಿ, ಪಾಯಪ್ಪ ಪಡುವಣ ಮೂಲೆಯಿಂದ ಅಂಗಳಕ್ಕೂ ಅಂಗಳದಿಂದ ಪಡುವಣ ಮೂಲೆಗೂ ಓಡಾಡತೊಡಗಿದ. ತನ್ನ ಕೆಲಸಕ್ಕೇ ನಡೆಯುತ್ತಿದ್ದೇನೆಂದು ತೋರಿಸಲು ಒಮ್ಮೆ ಕೈಯಲ್ಲಿ ಪತ್ರಿಕೆ ಇರುತ್ತಿತ್ತು, ಒಮ್ಮೆ ಖಾಲಿ ಬುಟ್ಟಿ. ಮನೆಯ ಆಳುಗಳನ್ನೂ ಬೆನ್ನಿಗೆ ಹಚ್ಚಿದ. ಅವರು ಅರ್ಧ ದಾರಿ ಹೋಗಿ ಬೇವಿನ ನೆರಳಲ್ಲಿ ಬೀಡಿ ಹಚ್ಚಿದರು. ಹಳ್ಳದ ದಂಡೆಯ ಮೇಲೆ ಹೋಗುವವರು ಹೊರೆ ಇಳಿಸಿ ನಿಂತು ನೋಡುತ್ತಿದ್ದರು.

"ಸಾವಕಾರ್ರ ಏನೋ ಕಳಕೊಂಡಾರ ಕಾಣತೈತಿ."

"ಹೌದ್ರೆವ್ವ. ದಾರಿ ಕಳಕೊಂಡಾರ, ಹುಡಕಾಕತ್ತಾರ."

ಆ ಮಾತು ಗಾಳಿಯ ಮೇಲೆ ಅಂಗಳದತನಕ ಬಂದು ತಾರಾಬಾಯಿಯ ಕಿವಿಗೆ ಬೀಳುತ್ತಿತ್ತು. ಬೇಸರವಾಗಬೇಕಿತ್ತು, ಒಳಗೊಳಗೆ ಸವಿಯೆನಿಸಿತು. ಸಂಜೆ ಬಾಗಿದ ಕರಿಕೆ ರಾತ್ರಿಯ ಇಬ್ಬನಿ ಕುಡಿದು ಬೆಳಗಾಗುವಷ್ಟರಲ್ಲಿ ಎದ್ದು ನಿಂತಿರುತ್ತಿತ್ತು. ಇಷ್ಟು ದಿನದ ಕೃಷಿಯಲ್ಲಿ ಪಾಯಪ್ಪ ನಿಜವಾಗಿ ಬೆಳೆಸಿದ್ದು ಅದೊಂದನ್ನೇ. ಅದು ಅವನ ಮಾತು ಕೇಳುತ್ತಿರಲಿಲ್ಲ.

ಮಹಾರಾಜರು ಬರುವ ಮುಂಜಾನೆ ತಾರಾಬಾಯಿ ಮಿಂದು ಮಡಿಯುಟ್ಟು, ಬಾವಿಯ ನೀರು ಸೋಸಿ, ಅಡಿಗೆ ಮುಗಿಸಿ, ಅಂಗಳಕ್ಕೆ ರಂಗೋಲಿ ಹಾಕಿದಳು. ಪಾಯಪ್ಪ ಧೋತರ ಉಟ್ಟು, ಮೇಲೊಂದು ಶಲ್ಯ ಹೊದ್ದು, ತೆಂಗಿನಕಾಯಿ ಇಟ್ಟ ಕಲಶ ಹಿಡಿದು ನಿಂತ. ಅವನ ಪಕ್ಕದಲ್ಲಿ ಅವಳು. ಹೊರಗಿನವರ ಕಣ್ಣಿಗೆ ಆ ಜೋಡಿ ಚೆನ್ನಾಗಿಯೇ ಕಂಡಿರಬೇಕು.

ಬಿಸಿಲು ನೆಲಕ್ಕೆ ಇಳಿದ ಮೇಲೆ ಪಡುವಣ ಮೂಲೆಯಲ್ಲಿ ಜನ ಕಂಡರು. ಮುಂದೆ ಉಪಾಧ್ಯೆ, ನಡುವೆ ಮಹಾರಾಜರು, ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲು. ತಂತಿ ಕತ್ತರಿಸಿದ ಜಾಗದಲ್ಲಿ ಮಹಾರಾಜರು ನಿಂತರು. ಪಕ್ಕದ ಕಂಬದ ಮೇಲೆ ಫಳಿ ಇನ್ನೂ ತೂಗುತ್ತಿತ್ತು. ಬೇಲಿ ಕಡಿದವನಿಗೆ ಅದನ್ನು ತೆಗೆಯಲು ನೆನಪಾಗಿರಲಿಲ್ಲ. ಅವರು ಫಳಿಯ ಕಡೆ ನೋಡಲಿಲ್ಲ. ನೆಲ ನೋಡಿದರು. ಹುಲ್ಲಿನ ಮೇಲೆ ಇಬ್ಬನಿ ಹೊಳೆಯುತ್ತಿತ್ತು, ಅದರೊಳಗೆ ಏನೇನೋ ಸಣ್ಣ ಜೀವ ಹಾರುತ್ತಿತ್ತು. ನಂತರ ಅವರು ಎಡಕ್ಕೆ ನೋಡಿದರು. ಅಲ್ಲಿ ಹಳ್ಳದ ದಂಡೆಗುಂಟ, ಬೇಸಿಗೆಯಿಂದ ಸುತ್ತುಹಾಕಿದ ಜನರ ಕಾಲು ಮಾಡಿದ ಹೊಸ ದಾರಿ ಇತ್ತು: ಬೆಳ್ಳಗೆ, ಗಟ್ಟಿಯಾಗಿ, ಒಂದು ಕಡ್ಡಿ ಹಸಿರಿಲ್ಲದೆ. ಅವರು ಆ ದಾರಿ ಹಿಡಿದರು.

"ನಮೋಸ್ತು ಮಹಾರಾಜ!" ಪಾಯಪ್ಪ ಅಂಗಳದಿಂದಲೇ ಕೂಗಿದ. "ನಮೋಸ್ತು! ತಿಷ್ಠ! ತಿಷ್ಠ!"

ಉಪಾಧ್ಯೆ ಒಮ್ಮೆ ತಿರುಗಿ ನೋಡಿ, ಮತ್ತೆ ತಲೆ ತಗ್ಗಿಸಿ ನಡೆದರು.

"ದಾರಿ ಕಾಣಲಿಲ್ಲೇನೋ ಅವರಿಗೆ," ಎಂದ ಪಾಯಪ್ಪ.

"ಕಂಡದ್ದಕ್ಕ ಹೋದ್ರು," ಎಂದಳು ತಾರಾಬಾಯಿ.

ಅವಳು ಅಂಗಳದಿಂದ ಇಳಿದಳು. "ಎಲ್ಲಿಗೆ ಹೊಂಟಿ? ಕಲಶ ಹಿಡಕೊಂಡ ನಾ ಒಬ್ಬನ ನಿಂದರಲೇನ?" ಎಂದು ಅವನು ಕೇಳುವಷ್ಟರಲ್ಲಿ ಅವಳು ಹೊಲಕ್ಕೆ ಕಾಲಿಟ್ಟಾಗಿತ್ತು. ಅಡ್ಡಹಾಯ್ದು ಹಳ್ಳದ ದಂಡೆ ಸೇರಿ, ವರ್ಧಮಾನನ ತೋಟದ ಹಿತ್ತಿಲಿಗೆ ಹೋಗಿ ನಿಂತಳು. ವರ್ಧಮಾನನ ಹೆಂಡತಿ ಪದ್ಮವ್ವ ಅವಳನ್ನು ನೋಡಿ ಹಿತ್ತಿಲ ಬಾಗಿಲಿಗೆ ಬಂದಳು. ಬಚ್ಚಲಲ್ಲಿ ನೀರಿದೆ ಎಂದಳು, ಒಗೆದು ಒಣಗಿಸಿದ ಮಡಿಸೀರೆ ಕೊಟ್ಟಳು. ಮುಂದಿನ ಅಂಗಳದಲ್ಲಿ ಮಹಾರಾಜರನ್ನು ಆಗಲೇ ಬರಮಾಡಿಕೊಂಡಾಗಿತ್ತು. ತಾರಾಬಾಯಿ ಮತ್ತೆ ಮಿಂದು ಬರುವಷ್ಟರಲ್ಲಿ ಆಹಾರ ನಡೆದಿತ್ತು. ಪದ್ಮವ್ವ ಹಾಲಿನ ಬಟ್ಟಲನ್ನು ಅವಳ ಕೈಗಿಟ್ಟು ಪಿಸುಗುಟ್ಟಿದಳು: "ಅಕ್ಕಾ, ನೀವ ಹಾಕ್ರಿ."

ಅವರ ಬೊಗಸೆ ಒಂದು ಮೊಳ ದೂರದಲ್ಲಿತ್ತು. ಹಾಕುವವರು ಮೊದಲು ಮೂರು ಮಾತು ಹೇಳಬೇಕು: ನನ್ನ ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ. ವರ್ಧಮಾನ ಹೇಳಿದ್ದ, ಪದ್ಮವ್ವ ಹೇಳಿದ್ದಳು. ಮಾತು ಬಾಯಿಪಾಠವಾದವರು ಹೇಳುವ ಹಾಗೆ, ಒಂದೇ ಉಸಿರಿಗೆ. ತಾರಾಬಾಯಿ ಬಾಯಿ ತೆರೆದಳು.

ಮನ ಎಂದೊಡನೆ ಆ ಮನದೊಳಗೆ ಪಾಯಪ್ಪ ಛತ್ರಿ ಹಿಡಿದು, ಖಾಲಿ ಬುಟ್ಟಿ ತೂಗಿಸುತ್ತ, ಹುಲ್ಲಿನ ಮೇಲೆ ನಡೆಯುತ್ತಿದ್ದ. ಅವಳು ಅವನನ್ನು ಪಕ್ಕಕ್ಕೆ ಸರಿಸಲು ನೋಡಿದಳು. ಸರಿಯಲಿಲ್ಲ. ಸಿಟ್ಟಾಗಿದ್ದರೆ ಆ ಗಳಿಗೆಗೆ ನುಂಗಬಹುದಿತ್ತು. ಇದು ಸಿಟ್ಟಲ್ಲ. ವರ್ಷಗಟ್ಟಲೆ ಮುಚ್ಚಿಟ್ಟು, ಆಗಾಗ ಮುಚ್ಚಳ ತೆಗೆದು ಚಪ್ಪರಿಸಿದ ವಸ್ತು. ಗಂಡ ಮೂರ್ಖನಾದಷ್ಟೂ ತನಗೆ ಒಂದು ಸುಖ ಸಿಗುತ್ತಿತ್ತು. ಕಟ್ಟೆಯ ಮೇಲೆ ಸೆರಗು ಕಚ್ಚಿದ್ದೂ ಆ ಸುಖಕ್ಕೇ. ಬೇಲಿ ಹಾಕಿದ ದಿನ ಗಟ್ಟಿಯಾಗಿ ಬೇಡವೆನ್ನದೆ ಒಳಗೆ ಮೊರದಲ್ಲಿ ಕಾಳು ಕೇರುತ್ತ ಕುಳಿತದ್ದೂ ಅದಕ್ಕೇ ಇರಬಹುದು. ಇದನ್ನು ಇಟ್ಟುಕೊಂಡು ಶುದ್ಧ ಎನ್ನಲು ನಾಲಿಗೆ ಏಳಲಿಲ್ಲ.

ಬೊಗಸೆ ಕಾಯುತ್ತಿತ್ತು. ಅವಳು ಬಟ್ಟಲನ್ನು ಪದ್ಮವ್ವನ ಕೈಗೆ ಮರಳಿಸಿ ಹಿಂದೆ ಸರಿದಳು. ಪದ್ಮವ್ವ ಗಾಬರಿಯಿಂದ ನೋಡಿ, ಮೂರು ಮಾತು ಮತ್ತೆ ಹೇಳಿ, ಹಾಲು ಹಾಕಿದಳು.

ಮಹಾರಾಜರು ಮುಂದಕ್ಕೆ ಹೊರಟ ಮೇಲೆ ತಾರಾಬಾಯಿ ತನ್ನ ಸೀರೆ ಉಟ್ಟು ಹಳ್ಳದ ದಾರಿಯಲ್ಲಿ ಮರಳಿದಳು. ಹಿಂದೆ ಒಂದಿಷ್ಟು ದೂರದಲ್ಲಿ ವಸ್ತಿಯ ಹೆಂಗಸರು ಹುಲ್ಲಿನ ಹೊರೆ ಹೊತ್ತು ಮಾತಾಡುತ್ತ ಬರುತ್ತಿದ್ದರು. ಎದುರಿನಿಂದ ಪಾಯಪ್ಪ ಬಂದ. ಆ ಸುತ್ತುದಾರಿಯನ್ನು ಅವನು ತುಳಿದದ್ದು ಅದೇ ಮೊದಲು. ಧೋತರದ ಅಂಚಿಗೆಲ್ಲ ಉತ್ತರಾಣಿ ಮುಳ್ಳು ಹತ್ತಿತ್ತು.

"ಆತೇನ? ಕೊಟ್ಟಿ?"

"ಇಲ್ಲ."

"ಯಾಕ? ಅವರ ಕೊಡಗೊಡಲಿಲ್ಲೇನ? ಆ ವರ್ಧಮಾನ ಏನರ ಅಂದನೇನ?"

"ಅವರ ಬಟ್ಟಲಾ ಕೈಯಾಗ ಕೊಟ್ರು. ನನಗ ಮನಶುದ್ಧಿ ಅನ್ನಾಕ ಆಗಲಿಲ್ಲ. ಮನಸಿನಾಗ ನಿಮ್ಮ ಮ್ಯಾಲ ಎಷ್ಟ ತಾತ್ಸಾರ ಐತಿ ಅಂತ ಅಲ್ಲಿ ನಿಂತಾಗ ಗೊತ್ತಾತು."

ಇಷ್ಟು ವರ್ಷಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಪೂರ್ತಿ ನಿಜ ಅದು. ಪಾಯಪ್ಪ ಬಾಗಿ ಧೋತರದ ಅಂಚಿನಿಂದ ಒಂದು ಮುಳ್ಳು ಕಿತ್ತ. ಅವನ ಮುಖದ ಮೇಲೆ ಏನಾದರೂ ಬರುತ್ತದೆಂದು ಅವಳು ಕಾದಳು.

"ಅಂದಬಿಡಬೇಕಿಲ್ಲೇನ," ಎಂದ ಅವನು. "ಮನಸಿನಾಗ ಇದ್ದದ್ದು ಯಾರಿಗೆ ಕಾಣತೈತಿ?"

ಹಿಂದಿನ ಹೆಂಗಸರ ಮಾತು ಹತ್ತಿರವಾಯಿತು. ದಾರಿ ಕಿರಿದು, ಹೊರೆ ಹೊತ್ತವರಿಗೆ ಪಕ್ಕ ಸರಿಯಲು ಜಾಗವಿರಲಿಲ್ಲ.

"ಸರೀರಿ," ಎಂದಳು ತಾರಾಬಾಯಿ. "ಮಂದಿ ಬರಾಕತ್ತಾರ. ದಾರಿ ಬಿಡ್ರಿ."